ಒಳಗುಳಿದ ಶಸ್ತ್ರಚಿಕಿತ್ಸಾ ವಸ್ತು

ಶಸ್ತ್ರಚಿಕಿತ್ಸೆಯ ನಂತರ ರೋಗಿಯ ದೇಹದಲ್ಲಿ ಅಕಸ್ಮಾತ್ತಾಗಿ ಉಳಿದುಬಿಡುವ ಬಟ್ಟೆ, ಸೂಜಿ ಅಥವಾ ಉಪಕರಣ. ಹೆಚ್ಚಾಗಿ ಉಳಿಯುವುದು ರಕ್ತ ಹೀರುವ ಹತ್ತಿಬಟ್ಟೆಯೇ. ನೆನೆದು ಮುದ್ದೆಯಾಗಿ ಕರುಳಿನ ಮಡಿಕೆಗೆ ಸೇರಿಕೊಂಡರೆ ಅದು ಕಣ್ಣಿಗೂ ಬೆರಳಿಗೂ ಬೇರೆಯೆಂದು ತಿಳಿಯುವುದಿಲ್ಲ. ಇದನ್ನು ಬರೀ ಅಸಡ್ಡೆ ಎನ್ನುವುದು ಅರ್ಧ ಸತ್ಯ. 2003ರಲ್ಲಿ ಶಸ್ತ್ರವೈದ್ಯ ಅತುಲ್ ಗವಾಂಡೆ ಮತ್ತು ಸಂಗಡಿಗರು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇಂಥ 54 ರೋಗಿಗಳ ದಾಖಲೆ ಪರಿಶೀಲಿಸಿದರು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಸುಮಾರು 9 ಪಟ್ಟು, ನಡುವೆ ಯೋಜನೆ ಬದಲಾದಾಗ 4 ಪಟ್ಟು ಹೆಚ್ಚಿತ್ತು. ಕಂಪಲಾಪುರದಂಥ ಊರಿನಿಂದ ಹುಣಸೂರು ಹಾದು ನಡುರಾತ್ರಿ ಮೈಸೂರು ಮುಟ್ಟುವ ಕಷ್ಟದ ಹೆರಿಗೆಯಲ್ಲಿ ಇವೆರಡೂ ಒಟ್ಟಿಗೇ ಬರಬಹುದು.

ಬಳಸಿದ ಬಟ್ಟೆ, ಉಪಕರಣಗಳನ್ನು ಎಣಿಸಿದರೆ ಸಾಲದೇ ಎಂಬ ಆಕ್ಷೇಪ ಸಹಜ. ಆದರೆ ಅದೇ ಅಧ್ಯಯನದಲ್ಲಿ ಕೊನೆಯ ಎಣಿಕೆ ನಡೆದಿದ್ದ ಪ್ರಕರಣಗಳ ಪೈಕಿ ಶೇ. 88ರಲ್ಲಿ ಲೆಕ್ಕ ಸರಿಯಿದೆ ಎಂದೇ ನಂಬಲಾಗಿತ್ತು. ಅಂಟಿಕೊಂಡ ಎರಡು ಬಟ್ಟೆ ಒಂದಾಗಿ ಕಾಣುತ್ತದೆ; ಎಣಿಸುವಾಗಲೇ ನರ್ಸನ್ನು ಯಾರೋ ಕರೆಯುತ್ತಾರೆ; ಲೆಕ್ಕ ತಪ್ಪಿದೆ ಎನ್ನಲು ಕಿರಿಯರಿಗೆ ಧೈರ್ಯ ಬೇಕು, ನಮ್ಮಲ್ಲಂತೂ ಇನ್ನಷ್ಟು. ವ್ಯವಸ್ಥೆಯನ್ನು ದೂರಿದರೆ ತಪ್ಪಿತಸ್ಥರು ಪಾರಾಗುತ್ತಾರೆ ಎಂಬ ಮಾತೂ ಇದೆ. ಹಾಗೇನಿಲ್ಲ. 1963ರಲ್ಲಿ ಔರಂಗಾಬಾದಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯಲ್ಲಿ ಟವೆಲ್ ಉಳಿದು ಮಹಿಳೆ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸರ್ಕಾರವನ್ನೇ ಹೊಣೆಯಾಗಿಸಿತು. ಹೊಣೆ ಪರಿಹಾರ ಕೊಡಿಸುತ್ತದೆ, ಬಟ್ಟೆ ಹುಡುಕುವುದಿಲ್ಲ. ಹುಡುಕಲು ನೆರವಾಗುವುದು ಬಟ್ಟೆಯಲ್ಲಿ ನೇಯ್ದ, ಎಕ್ಸ್‌-ರೇಯಲ್ಲಿ ಕಾಣುವ ಎಳೆ. ಮತ್ತು ಹೊಲಿಗೆಗೆ ಮೊದಲು ಎಲ್ಲರೂ ಕೈ ನಿಲ್ಲಿಸಿ, ಇಬ್ಬರು ಜೋರಾಗಿ ಎಣಿಸುವ ಪದ್ಧತಿ.