ಬೆಂಗಳೂರಿನ ಪಶ್ಚಿಮಭಾಗದ ಹಳೆಯ ನಕ್ಷೆಗಳ ಸ್ಥಾನನಿರ್ಣಯ

ಶಾಸನ, ಕೈಫಿಯತ್ತು, ಸರಕಾರಿ ಕಡತ ಮೊದಲಾದುವನ್ನು ಆಕರಗಳೆಂದು ಪರಿಗಣಿಸಿ ಅವುಗಳ ಪಾಠವನ್ನು ಅಕ್ಷರ ಅಕ್ಷರವಾಗಿ ಪರಿಶೋಧಿಸುವ ನಾವು, ನಕ್ಷೆಯ ವಿಷಯದಲ್ಲಿ ಅಷ್ಟು ನಿಷ್ಠುರರಾಗಿಲ್ಲವೆಂದೇ ಹೇಳಬೇಕು. ಗ್ರಂಥದ ಕೊನೆಯಲ್ಲಿ ಸೇರಿಸುವ ಒಂದು ಅಲಂಕಾರವೆಂಬಂತೆ ನಕ್ಷೆಯನ್ನು ಭಾವಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಹಳೆಯ ನಕ್ಷೆಯನ್ನು ಗಣಕಯಂತ್ರಕ್ಕೆ ಒಪ್ಪಿಸಿ ಇಂದಿನ ಬೀದಿಗಳ ಮೇಲೆ ಹೊದಿಸಿ ತೋರಿಸುವುದು ಸುಲಭವಾಗಿರುವ ಈ ಕಾಲದಲ್ಲಿ ಆ ಉದಾಸೀನ ಮುಂದುವರಿಯುವುದು ಯೋಗ್ಯವಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಇವುಗಳನ್ನೊಳಗೊಂಡ ಬೆಂಗಳೂರಿನ ಪಶ್ಚಿಮಭಾಗವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಧಾನದ ಬಲಾಬಲಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿಧಾನದ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಕಾಗದದ ನಕ್ಷೆಯನ್ನು ಸ್ಕ್ಯಾನ್ ಮಾಡಿದಾಗ ದೊರೆಯುವುದು ಸಣ್ಣ ಸಣ್ಣ ಚೌಕಗಳ, ಎಂದರೆ ಪಿಕ್ಸೆಲುಗಳ, ಸಾಲುಗಳಿಂದಾದ ಒಂದು ಚಿತ್ರ. ಇದಕ್ಕೆ ರಾಸ್ಟರ್ ಚಿತ್ರವೆಂದು ಹೆಸರು. ಪ್ರತಿ ಚೌಕಕ್ಕೂ ಚಿತ್ರದೊಳಗೆ ಇಷ್ಟನೆಯ ಸಾಲು, ಇಷ್ಟನೆಯ ಕಂಬ ಎಂಬ ವಿಳಾಸವುಂಟೇ ಹೊರತು ಭೂಮಿಯ ಮೇಲೆ ಯಾವ ವಿಳಾಸವೂ ಇಲ್ಲ. ಅದನ್ನು ಒದಗಿಸುವ ಕಾರ್ಯವನ್ನು ಇಂಗ್ಲಿಷಿನಲ್ಲಿ ಜಿಯೋರೆಫರೆನ್ಸಿಂಗ್ ಎನ್ನುತ್ತಾರೆ. ನಾವು ಇಲ್ಲಿ ‘ಸ್ಥಾನನಿರ್ಣಯ’ವೆಂದು ಕರೆಯೋಣ. ಹಳೆಯ ನಕ್ಷೆಯಲ್ಲಿಯೂ ಇಂದಿನ ನೆಲದಲ್ಲಿಯೂ ನಿಸ್ಸಂದೇಹವಾಗಿ ಗುರುತಿಸಬಹುದಾದ ಕೆಲವು ಬಿಂದುಗಳನ್ನು ಆರಿಸಿ, ಅವುಗಳ ಅಕ್ಷಾಂಶ ರೇಖಾಂಶಗಳನ್ನು ಯಂತ್ರಕ್ಕೆ ತಿಳಿಸಿದರೆ, ಉಳಿದ ಚೌಕಗಳ ಸ್ಥಾನವನ್ನು ಅದು ಗಣಿತದಿಂದ ಕಂಡುಹಿಡಿಯುತ್ತದೆ. ಈ ಬಿಂದುಗಳು ನಿಯಂತ್ರಣಬಿಂದುಗಳು. 2002ರಲ್ಲಿ ಆರಂಭವಾಗಿ ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಈ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಲಿತ ಮೇಲೆ ಅದನ್ನು ಸರಿಯಾಗಿ ಮಾಡುವುದು ಬೇರೆಯ ಮಾತು.

ನಾವು ಆರಿಸಿಕೊಂಡ ಪ್ರದೇಶದ ವೈಶಿಷ್ಟ್ಯವೆಂದರೆ, ಇಲ್ಲಿ ಹಳೆಯ ನೆಲಕ್ಕೂ ಹೊಸ ಊರಿಗೂ ಹೋಲಿಕೆ ತೀರ ಕಡಮೆ. 1945ರಲ್ಲಿ ಬೆಂಗಳೂರು ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಸ್ಥಾಪಿತವಾಯಿತು. 1976ರಲ್ಲಿ ಅದರ ಸ್ಥಾನಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಿತು. ಈ ಸಂಸ್ಥೆಗಳು ಬಿಡಿಸಿದ ಬಡಾವಣೆಗಳು ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಮುಂತಾದ ಗ್ರಾಮಗಳ ಹೊಲಗದ್ದೆಗಳ ಮೇಲೆ ಹರಡಿದುವು. ಹಳ್ಳಿಯ ಹೆಸರು ಕಂದಾಯದ ದಾಖಲೆಯಲ್ಲಿಯೂ ಕೆಲವು ಗಲ್ಲಿಗಳಲ್ಲಿಯೂ ಉಳಿಯಿತು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿ, ಕಾಮಾಕ್ಷಿಪಾಳ್ಯಗಳ ಕೆರೆಗಳು ನಿವೇಶನ, ಮೈದಾನ, ಕಟ್ಟಡಗಳಾಗಿ ಮಾಯವಾದುವು. ಆ ಕೆರೆಗಳು ಎಲ್ಲಿದ್ದುವು, ಅವುಗಳ ಅಂಚು ಯಾವ ಸರ್ವೆ ನಂಬರಿನಲ್ಲಿ ಹಾದಿತ್ತು ಎಂಬುದು ಪಂಡಿತರ ಕುತೂಹಲಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಮನೆಯವನ ಹಕ್ಕು, ಮಳೆಯ ನೀರಿನ ದಾರಿ, ಒತ್ತುವರಿಯ ಆರೋಪ ಇವೆಲ್ಲ ಅದಕ್ಕೆ ತೊಡಕಿಕೊಂಡಿವೆ.

ಹಾಗಾದರೆ ನಮಗೆ ದೊರೆಯುವ ಹಳೆಯ ನಕ್ಷೆಗಳು ಯಾವುವು? ಎರಡು ಪರಂಪರೆಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಮೊದಲನೆಯದು ತ್ರಿಕೋನಮಾಪನದ ಪರಂಪರೆ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, ಎಂದರೆ 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಒಂದು ಆಧಾರರೇಖೆಯನ್ನು ಸರಪಳಿಯಿಂದ ಅಳೆದನು. 1804ರಲ್ಲಿ ಇಲ್ಲಿಯೇ ಅಳೆದ ಪರಿಶೀಲನ ರೇಖೆಗೂ ಮದರಾಸಿನ ಆಧಾರರೇಖೆಯಿಂದ ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಬಂದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಮೆ. ಈ ಪರಂಪರೆಯ ಫಲವಾದ ಸರ್ವೆ ಆಫ್ ಇಂಡಿಯಾ ಹಾಳೆಗಳಲ್ಲಿ ಅಕ್ಷಾಂಶ ರೇಖಾಂಶಗಳು ಅಚ್ಚಾಗಿರುವುದರಿಂದ ಅವುಗಳ ಮೂಲೆಗಳೇ ನಿಯಂತ್ರಣಬಿಂದುಗಳಾಗುತ್ತವೆ. ಆದರೆ ಇಲ್ಲಿ ಒಂದು ಅಪಾಯ ಅಡಗಿದೆ. ಆ ಅಂಕಿಗಳು ಎವರೆಸ್ಟ್ ಗೋಳಾಭವನ್ನು ಅನುಸರಿಸಿದುವು. ಅದರ ಸಮಭಾಜಕ ತ್ರಿಜ್ಯ 6377276 ಮೀಟರು. ಇಂದಿನ ಉಪಗ್ರಹಯಂತ್ರಗಳು ಅನುಸರಿಸುವ ಡಬ್ಲ್ಯುಜಿಎಸ್ 84 ಪದ್ಧತಿಯಲ್ಲಿ ಅದು 6378137 ಮೀಟರು. ಎರಡು ಗೋಳಾಭಗಳ ಕೇಂದ್ರಗಳೂ ಒಂದೇ ಅಲ್ಲ. ಹಳೆಯ ಹಾಳೆಯ ಅಂಕಿಯನ್ನು ಹೊಸ ಪದ್ಧತಿಯ ಅಂಕಿಯೆಂದು ನಂಬಿ ಯಂತ್ರಕ್ಕೆ ಕೊಟ್ಟರೆ ಬೆಂಗಳೂರಿನಲ್ಲಿ ಇಡೀ ನಕ್ಷೆ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ಇಡೀ ಹಾಳೆ ಒಂದಾಗಿ ಸರಿಯುವುದರಿಂದ ಕಣ್ಣಿಗೆ ದೋಷ ಕಾಣುವುದಿಲ್ಲ. ರಸ್ತೆಗಳು ಪರಸ್ಪರ ಸರಿಯಾಗಿಯೇ ಇರುತ್ತವೆ, ಕೆರೆ ಮಾತ್ರ ಬೇರೊಬ್ಬರ ಬೀದಿಗೆ ಹೋಗಿ ನಿಲ್ಲುತ್ತದೆ.

ಈ ಪ್ರದೇಶಕ್ಕೆ ಇನ್ನೊಂದು ಅನನುಕೂಲವೂ ಇದೆ. 13 ಡಿಗ್ರಿ ಉತ್ತರ ಅಕ್ಷಾಂಶರೇಖೆ ರಾಜಾಜಿನಗರದ ಉತ್ತರಭಾಗದಲ್ಲಿ ಹಾಯುತ್ತದೆ. 77 ಡಿಗ್ರಿ 30 ಮಿನಿಟಿನ ರೇಖಾಂಶ ಜ್ಞಾನಭಾರತಿಯ ಆಸುಪಾಸಿನಲ್ಲಿ, ಕೆಂಗೇರಿಗೆ ಪೂರ್ವದಲ್ಲಿ ಹಾಯುತ್ತದೆ. ಹಳೆಯ ಹಾಳೆಗಳ ಅಂಚುಗಳು ಈ ರೇಖೆಗಳೇ. ಆದ್ದರಿಂದ ರಾಜಾಜಿನಗರದ ಬಹುಭಾಗ, ಬಸವೇಶ್ವರನಗರ, ವಿಜಯನಗರಗಳು 57 ಎಚ್/9ನೆಯ ಹಾಳೆಗೂ, ಅವುಗಳ ಉತ್ತರದ ನೆಲ 57 ಜಿ/12ಕ್ಕೂ, ಕೆಂಗೇರಿ 57 ಎಚ್/5ಕ್ಕೂ ಸೇರುತ್ತವೆ. ನಗರದ ಈ ಒಂದು ಪಾರ್ಶ್ವವನ್ನು ನೋಡಲು ಮೂರು ಹಾಳೆಗಳನ್ನು ಅಂಚಿಗೆ ಅಂಚು ಕೂಡಿಸಬೇಕು.

ಎರಡನೆಯದು ಕಂದಾಯದ ಪರಂಪರೆ. 1863ರಲ್ಲಿ ಮೈಸೂರು ಸೀಮೆಯಲ್ಲಿ ಮುಂಬಯಿ ಕ್ರಮವನ್ನನುಸರಿಸಿ ಕಂದಾಯದ ಮೋಜಣಿ ಆರಂಭವಾಯಿತು. ಇದರ ಅಳತೆ 33 ಅಡಿಯ ಸರಪಳಿ. 33 ಅಡಿಯ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಈ ಪರಂಪರೆಯಲ್ಲಿ ಸಾಮಾನ್ಯವಾಗಿ ಕಾಣುವ 1:7920 ಪ್ರಮಾಣದ ಗ್ರಾಮನಕ್ಷೆಯಲ್ಲಿ ಕಾಗದದ ಒಂದು ಅಂಗುಲ ನೆಲದ ಮೇಲೆ ಸರಿಯಾಗಿ ಇಪ್ಪತ್ತು ಸರಪಳಿ, ಎಂದರೆ 660 ಅಡಿ. ಸರ್ವೆ ನಂಬರು, ಬಾಂದುಕಲ್ಲು, ಹಳ್ಳ, ಕೆರೆ, ಬಂಡಿದಾರಿಗಳು ಇದರಲ್ಲಿ ಕಾಣುತ್ತವೆ. ಇತಿಹಾಸಕಾರನಿಗೆ ಇದಕ್ಕಿಂತ ಸಮೃದ್ಧವಾದ ನಕ್ಷೆ ಬೇರೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ಇದರಲ್ಲಿ ಅಕ್ಷಾಂಶ ರೇಖಾಂಶಗಳಿಲ್ಲ. ಪ್ರತಿ ಗ್ರಾಮವನ್ನೂ ಪ್ರತ್ಯೇಕವಾಗಿ ಅಳೆದುದರಿಂದ ನೆರೆಯ ಎರಡು ಗ್ರಾಮಗಳ ನಕ್ಷೆಗಳನ್ನು ಜೋಡಿಸಿದಾಗ ಗಡಿಯಲ್ಲಿ ಒಂದು ಕಡೆ ಸಂದು, ಇನ್ನೊಂದು ಕಡೆ ಒಂದರ ಮೇಲೊಂದು ಏರಿಕೆ ಕಂಡುಬರುವುದು ಸಹಜ. ಕಾಗದ ವರ್ಷಾನುವರ್ಷ ಕುಗ್ಗಿ ಹಿಗ್ಗುತ್ತದೆ, ಅದೂ ಅಡ್ಡಕ್ಕೂ ಉದ್ದಕ್ಕೂ ಒಂದೇ ಸಮನಾಗಿ ಅಲ್ಲ.

ಪ್ರಮಾಣದ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದ ಗ್ರಾಮನಕ್ಷೆಯಲ್ಲಿ ಒಂದು ಪಿಕ್ಸೆಲು ನೆಲದ ಮೇಲೆ ಸುಮಾರು 26 ಅಂಗುಲ. ಮೈಲಿಗೆ ಒಂದು ಅಂಗುಲದ ನಕ್ಷೆಯಲ್ಲಿ ಹದಿನೇಳೂವರೆ ಅಡಿ. ಇದಕ್ಕಿಂತ ಮುಖ್ಯವಾದುದು ಲೇಖನಿಯ ದಪ್ಪ. ಅರ್ಧ ಮಿಲಿಮೀಟರು ದಪ್ಪದ ಗೆರೆ ಗ್ರಾಮನಕ್ಷೆಯಲ್ಲಿ ನಾಲ್ಕು ಮೀಟರು ನೆಲವನ್ನು ಮುಚ್ಚಿದರೆ, ಮೈಲಿಗೆ ಅಂಗುಲದ ನಕ್ಷೆಯಲ್ಲಿ ಮೂವತ್ತೆರಡು ಮೀಟರನ್ನು ಮುಚ್ಚುತ್ತದೆ. ಕೆರೆಯಂಚಿನಿಂದ 75 ಮೀಟರು ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರಲ್ಲಿ ವಿಧಿಸಿದ್ದನ್ನು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ರದ್ದುಗೊಳಿಸಿತು; ಆಗ ನಗರಯೋಜನೆಯಲ್ಲಿದ್ದ 30 ಮೀಟರಿನ ಅಳತೆಗೆ ಮತ್ತೆ ಬಲ ಬಂದಿತು. ಈ ಮೂವತ್ತು ಮೀಟರು ಹಳೆಯ ಒಂದು ಅಂಗುಲದ ನಕ್ಷೆಯಲ್ಲಿ ಗೆರೆಯ ದಪ್ಪದೊಳಗೇ ಅಡಗಿಹೋಗುತ್ತದೆ. ಅಂತಹ ನಕ್ಷೆಯನ್ನು ದೊಡ್ಡದು ಮಾಡಿ ಇಂಥ ಮನೆ ಕೆರೆಯೊಳಗೆ, ಇಂಥದು ಹೊರಗೆ ಎಂದು ಹೇಳಹೊರಡುವುದು ಅನ್ಯಾಯಕ್ಕೆ ದಾರಿ. ಕೆರೆ ಇತ್ತು ಎಂಬುದಕ್ಕೆ ಅದು ಸಾಕ್ಷಿಯಾಗಬಲ್ಲುದು. ಅಂಚು ಎಲ್ಲಿತ್ತು ಎಂಬುದಕ್ಕೆ ಆಗಲಾರದು.

ಗ್ರಾಮನಕ್ಷೆಗೆ ನಿಯಂತ್ರಣಬಿಂದುಗಳನ್ನು ಎಲ್ಲಿಂದ ತರಬೇಕು? ಕಾರ್ಡ್ ರಸ್ತೆಯಾಗಲಿ ಬಡಾವಣೆಯ ಅಡ್ಡರಸ್ತೆಗಳಾಗಲಿ ಪ್ರಯೋಜನಕ್ಕೆ ಬರುವುದಿಲ್ಲ. ಅವು ಆಗ ಇರಲೇ ಇಲ್ಲ. ಮಾಗಡಿಯ ದಾರಿ, ಮೈಸೂರಿನ ದಾರಿ ಹಳೆಯವು ನಿಜ, ಆದರೆ ಅಗಲವಾಗುತ್ತ ಬಂದ ರಸ್ತೆಯ ನಡುಗೆರೆ ಹಿಂದೆ ಇದ್ದಲ್ಲಿಯೇ ಇದೆಯೆಂದು ನಂಬಲಾಗದು. ವೃಷಭಾವತಿಯ ಹರಿವು ಅನೇಕ ಕಡೆ ಕಲ್ಲುಗೋಡೆಗಳ ನಡುವೆ ಹೊಸ ಪಾತ್ರ ಹಿಡಿದಿದೆ. ರೈಲುಹಾದಿ ಇವುಗಳಿಗಿಂತ ಮೇಲು. 1880ರ ದಶಕದಲ್ಲಿ ಹಾಕಿದ ಮೈಸೂರಿನ ಹಾದಿ ಕೆಂಗೇರಿಯ ಮೂಲಕವೂ ತುಮಕೂರಿನ ಹಾದಿ ಯಶವಂತಪುರದ ಮೂಲಕವೂ ಹೋಗುವುದರಿಂದ ನಮ್ಮ ಪ್ರದೇಶ ಎರಡರ ನಡುವೆ ಸಿಕ್ಕುತ್ತದೆ. ಹಳೆಯ ಗುಡಿಗಳು ಒಳ್ಳೆಯ ಬಿಂದುಗಳು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಒಂದು ಉದಾಹರಣೆ. ಗೋಪುರ ಮಂಟಪಗಳು ಎಷ್ಟು ಸಲ ಹೊಸದಾದರೂ ಮೂಲವಿಗ್ರಹದ ಸ್ಥಾನವನ್ನು ನಮ್ಮ ಜನ ಸುಲಭವಾಗಿ ಕದಲಿಸುವುದಿಲ್ಲ. ನಗರದ ನಕ್ಷೆಗಳಿಗೆ ಕೆಂಪಾಂಬುಧಿ ಕೆರೆಯ ಬಳಿಯ ಕೆಂಪೇಗೌಡನ ಗೋಪುರ ಉತ್ತಮವಾದ ಬಿಂದು. ಎಲ್ಲಕ್ಕಿಂತ ಶ್ರೇಷ್ಠವಾದುದು ಮೂರು ಗ್ರಾಮಗಳ ಗಡಿ ಕೂಡುವ ಸ್ಥಳದ ಕಲ್ಲು. ಮೂರು ನಕ್ಷೆಗಳಲ್ಲಿಯೂ ಅದು ಬರಲೇಬೇಕಾದುದರಿಂದ ಒಂದರ ಸಾಕ್ಷ್ಯವನ್ನು ಇನ್ನೆರಡರಿಂದ ಪರೀಕ್ಷಿಸಬಹುದು. ಆದರೆ ಮನೆಗಳ ನಡುವೆ ಆ ಕಲ್ಲು ಉಳಿದಿರುವ ಭಾಗ್ಯ ಅಪರೂಪ.

ಕೆರೆಯ ಏರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಬತ್ತಿದ ಕೆರೆಯ ಏರಿ ಎಷ್ಟೋ ಕಡೆ ರಸ್ತೆಯಾಗಿ ಉಳಿದಿರುತ್ತದೆ. ಅದನ್ನು ನಿಯಂತ್ರಣಬಿಂದುವಾಗಿ ಬಳಸುವ ಆಸೆ ಹುಟ್ಟುವುದು ಸಹಜ. ಕೆರೆ ಎಲ್ಲಿತ್ತೆಂಬುದೇ ನಮ್ಮ ಪ್ರಶ್ನೆಯಾಗಿರುವಾಗ, ಈ ರಸ್ತೆಯೇ ಏರಿಯೆಂದು ಮೊದಲೇ ಒಪ್ಪಿಕೊಂಡು ಹೊರಟರೆ, ನಕ್ಷೆ ನಾವು ಹೇಳಿಕೊಟ್ಟುದನ್ನೇ ನಮಗೆ ಹಿಂದಿರುಗಿಸುತ್ತದೆ.

ಇನ್ನು ಗಣಿತದ ಆಯ್ಕೆ. ಮೊದಲನೆಯ ದರ್ಜೆಯ ಬಹುಪದ ಪರಿವರ್ತನೆ ನಕ್ಷೆಯನ್ನು ಸರಿಸುತ್ತದೆ, ತಿರುಗಿಸುತ್ತದೆ, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆಯಾಗಿ ಎಳೆಯುತ್ತದೆ; ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಅದಕ್ಕೆ ಕನಿಷ್ಠ ಮೂರು ಬಿಂದುಗಳು ಬೇಕು. ಎರಡನೆಯ ದರ್ಜೆಗೆ ಆರು, ಮೂರನೆಯದಕ್ಕೆ ಹತ್ತು. ಕನಿಷ್ಠ ಸಂಖ್ಯೆಯನ್ನೇ ಕೊಟ್ಟರೆ ಯಂತ್ರ ದೋಷ ಸೊನ್ನೆಯೆಂದು ತೋರಿಸುತ್ತದೆ, ಏಕೆಂದರೆ ಪರಸ್ಪರ ವಿರೋಧಿಸಲು ಹೆಚ್ಚಿನ ಸಾಕ್ಷಿಯೇ ಅಲ್ಲಿಲ್ಲ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ವಿಧಾನ ನಕ್ಷೆಯನ್ನು ರಬ್ಬರಿನ ಹಾಳೆಯಂತೆ ಎಳೆದು ಪ್ರತಿ ಬಿಂದುವನ್ನೂ ಅದರ ಸ್ಥಳದಲ್ಲಿ ಕೂರಿಸುತ್ತದೆ. ತಪ್ಪಾಗಿ ಗುರುತಿಸಿದ ಗುಡಿಯೂ ಅಲ್ಲಿ ಸರಿಯಾಗಿಯೇ ಕೂರುತ್ತದೆ. ಅದರ ಸುತ್ತಣ ಹೊಲಗಳು ಮಾತ್ರ ಸದ್ದಿಲ್ಲದೆ ವಿಕಾರಗೊಳ್ಳುತ್ತವೆ. ನೋಟಕ್ಕೆ ಇದರಷ್ಟು ಚೆಂದದ ನಕ್ಷೆ ಮತ್ತೊಂದಿಲ್ಲ. ಸಾಕ್ಷ್ಯದ ದೃಷ್ಟಿಯಿಂದ ಇದನ್ನು ನಾವು ಒಪ್ಪಲಾರೆವು. ಗ್ರಾಮನಕ್ಷೆಗೆ ಮೊದಲನೆಯ ದರ್ಜೆಯ ಪರಿವರ್ತನೆಯೇ ಯೋಗ್ಯ. ಹನ್ನೆರಡು ಬಿಂದುಗಳು ದೊರೆತರೆ ಎಂಟನ್ನು ಬಳಸಿ, ನಾಲ್ಕನ್ನು ಯಂತ್ರಕ್ಕೆ ತೋರಿಸದೆ ತೆಗೆದಿರಿಸಿ, ಅವು ಎಷ್ಟು ಮೀಟರು ತಪ್ಪುತ್ತವೆ ಎಂದು ಅಳೆಯಬೇಕು. ಹಾಗೆ ಉಳಿಯುವ ಅಂತರ ಇತಿಹಾಸಕಾರನಿಗೆ ಉಪಯುಕ್ತವಾದ ಸಂಗತಿ. ಎಲ್ಲ ಬಿಂದುಗಳೂ ಸ್ವಲ್ಪ ಸ್ವಲ್ಪ ತಪ್ಪಿದರೆ ಅದು ಕಾಗದದ ಅಥವಾ ಸರಪಳಿಯ ದೋಷ. ಒಂದೇ ಬಿಂದು ಬಹಳವಾಗಿ ತಪ್ಪಿದರೆ ಆ ಗುಡಿಯೋ ದಾರಿಯೋ ಸ್ಥಳ ಬದಲಿಸಿರಬಹುದೆಂದು ಹುಡುಕಲು ಕಾರಣ ದೊರೆಯುತ್ತದೆ.

ಬೇರೊಂದು ಸ್ವತಂತ್ರ ಪರೀಕ್ಷೆಯೂ ಉಂಟು. ನಮ್ಮ ಕೆರೆಗಳು ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದುವು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನದಕ್ಕೆ ಹೋಗಿ, ಈ ಭಾಗದಲ್ಲಿ ಬಹುಮಟ್ಟಿಗೆ ವೃಷಭಾವತಿಯನ್ನು, ಅದರ ಮೂಲಕ ಅರ್ಕಾವತಿಯನ್ನು ಸೇರುತ್ತಿತ್ತು. 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯೊಂದು ರೇಡಾರಿನಿಂದ ಅಳೆದ ನೆಲದ ಎತ್ತರದ ಅಂಕಿಗಳು ಸುಮಾರು 30 ಮೀಟರಿಗೆ ಒಂದರಂತೆ ದೊರೆಯುತ್ತವೆ. ಮನೆಗಳ ಮಾಳಿಗೆಯ ಎತ್ತರವೂ ಅದರಲ್ಲಿ ಬೆರೆತಿರುವುದರಿಂದ ಸೂಕ್ಷ್ಮಕ್ಕೆ ಅದು ಸಾಲದು, ಆದರೆ ಕಣಿವೆ ಯಾವುದು ದಿಣ್ಣೆ ಯಾವುದು ಎಂದು ತಿಳಿಸಲು ಸಾಕು. ಸ್ಥಾನನಿರ್ಣಯ ಮಾಡಿದ ನಕ್ಷೆಯಲ್ಲಿ ಕೆರೆ ದಿಣ್ಣೆಯ ಮೇಲೆ ಬಂದು ಕುಳಿತರೆ ನಿಯಂತ್ರಣಬಿಂದುಗಳನ್ನು ಮತ್ತೆ ನೋಡಬೇಕು.

ಕೆಂಗೇರಿಯಲ್ಲಿ ಈ ಕಷ್ಟ ಅಷ್ಟಿಲ್ಲ. ಹಳೆಯ ಊರು, ಕೆರೆ, ರೈಲು ನಿಲ್ದಾಣ ಉಳಿದಿರುವುದರಿಂದ ಬಿಂದುಗಳು ಹೇರಳ. ರಾಜಾಜಿನಗರ, ಬಸವೇಶ್ವರನಗರಗಳಲ್ಲಿಯೇ ಕೆಲಸ ಬಿಗಿಯಾಗುವುದು. ವ್ಯಾಜ್ಯದ ಪ್ರಶ್ನೆಗಳು ಏಳುವುದೂ ಅಲ್ಲಿಯೇ ಹೆಚ್ಚು. ಈಗ ಗ್ರಾಮನಕ್ಷೆಗಳು ಸರಕಾರದ ಜಾಲತಾಣದಲ್ಲಿ ದೊರೆಯುತ್ತವೆ. ‘ದಿಶಾಂಕ್’ ಎಂಬ ತಂತ್ರಾಂಶದಿಂದ ನಿಂತ ನೆಲದ ಸರ್ವೆ ನಂಬರನ್ನು ಕೈಯಲ್ಲಿರುವ ಫೋನಿನಲ್ಲಿಯೇ ನೋಡಬಹುದು. ಜನಸಾಮಾನ್ಯರಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಫೋನಿನ ಪರದೆಯ ಮೇಲೆ ಗೆರೆ ಕೂದಲೆಳೆಯಷ್ಟು ತೆಳ್ಳಗೆ ಕಾಣುವುದರಿಂದ, ಅದರ ಹಿಂದಿನ ನಕ್ಷೆಯ ಲೇಖನಿ ಎಷ್ಟು ದಪ್ಪವಾಗಿತ್ತೆಂಬುದು ನೋಡುವವನಿಗೆ ತಿಳಿಯುವುದಿಲ್ಲ.

ಆದ್ದರಿಂದ ಸ್ಥಾನನಿರ್ಣಯ ಮಾಡಿದ ನಕ್ಷೆಯನ್ನು ಪ್ರಕಟಿಸುವವರು ಮೂಲನಕ್ಷೆಯ ಪ್ರಮಾಣ, ಬಳಸಿದ ಬಿಂದುಗಳು, ಬಿಟ್ಟ ಬಿಂದುಗಳು, ಪರಿವರ್ತನೆಯ ದರ್ಜೆ, ಉಳಿದ ಅಂತರ ಇವನ್ನು ಅದರ ಕೆಳಗೆ ಅಚ್ಚು ಮಾಡಬೇಕೆಂಬುದು ನಮ್ಮ ಸೂಚನೆ. ಶಾಸನದ ಪಾಠದಲ್ಲಿ ಸವೆದ ಅಕ್ಷರಗಳನ್ನು ಕಂಸದೊಳಗಿಟ್ಟು ತೋರಿಸುವ ಪದ್ಧತಿ ನಮ್ಮಲ್ಲಿ ಆಗಲೇ ಇದೆ. ಸಾಣೆಗುರುವನಹಳ್ಳಿ, ಕೇತಮಾರನಹಳ್ಳಿಗಳಂತಹ ಕೆರೆಗಳ ವಿಷಯದಲ್ಲಿ ಗ್ರಾಮನಕ್ಷೆಯಿಂದ ಮುಂದೆ ಹೋಗಬೇಕಾದರೆ ಪ್ರತಿ ಸರ್ವೆ ನಂಬರಿನ ಟಿಪ್ಪಣಿಯನ್ನು ನೋಡಬೇಕು. ಅದರಲ್ಲಿ ಹೊಲದ ಅಂಚುಗಳ ಉದ್ದವನ್ನು ಸರಪಳಿಯ ಅಂಕಿಗಳಲ್ಲಿಯೇ ಬರೆದಿರುತ್ತಾರೆ; ಕುಗ್ಗಿದ ಕಾಗದ ಆ ಅಂಕಿಗಳನ್ನು ಬದಲಿಸಲಾರದು. ಕೆರೆಗೆ ತಾಗಿದ ನಂಬರುಗಳ ಟಿಪ್ಪಣಿಗಳನ್ನು ಒಂದಕ್ಕೊಂದು ಜೋಡಿಸುತ್ತ ಬಂದರೆ ಕೆರೆಯಂಚನ್ನು ಲೇಖನಿಯ ದಪ್ಪವಿಲ್ಲದೆ ಸುತ್ತಲಿನಿಂದ ಕಟ್ಟಬಹುದು. ಆಕಾರಬಂದಿನಲ್ಲಿ ಕೆರೆಗೆಂದು ಬಿಟ್ಟ ಖರಾಬಿನ ಎಕರೆ ಗುಂಟೆಗಳೊಡನೆ ಹಾಗೆ ದೊರೆತ ವಿಸ್ತೀರ್ಣವನ್ನು ಹೋಲಿಸಿ ನೋಡುವುದು ಅದರ ಮುಂದಿನ ಹೆಜ್ಜೆ.