ಥರ್ಮಾಪಿಲೆಯ ಕಾಳಗವೂ ಒಂದು ಚಿತ್ರಕಾದಂಬರಿಯೂ

ಗ್ರಂಥವೊಂದಕ್ಕೆ ಬರಿಯ ಸಂಖ್ಯೆಯನ್ನೇ ಹೆಸರಾಗಿ ಇಡುವುದು ಅಪರೂಪ. ಅಮೆರಿಕದ ಚಿತ್ರಕಾರರೂ ಕಥೆಗಾರರೂ ಆದ ಫ್ರ್ಯಾಂಕ್ ಮಿಲ್ಲರ್ ಅವರು ೧೯೯೮ರಲ್ಲಿ ಐದು ಸಂಚಿಕೆಗಳಾಗಿ ಹೊರತಂದ ಚಿತ್ರಕಾದಂಬರಿಗೆ '೩೦೦' ಎಂದಷ್ಟೇ ಹೆಸರು. ಬಾಲ್ಯದಲ್ಲಿ ಅವರು ನೋಡಿದ, ೧೯೬೨ರ ಒಂದು ಚಲನಚಿತ್ರವು ಈ ಕೃತಿಗೆ ಪ್ರೇರಣೆಯಾಯಿತು. ಚಿತ್ರಗಳಿಗೆ ಬಣ್ಣ ಹಾಕಿದವರು ಲಿನ್ ವಾರ್ಲಿ. ೨೦೦೭ರಲ್ಲಿ ಇದೇ ಗ್ರಂಥವು ಚಲನಚಿತ್ರವಾಗಿ ಲೋಕದ ನಾನಾ ದೇಶಗಳಲ್ಲಿ ಪ್ರದರ್ಶಿತವಾಯಿತು. ಥರ್ಮಾಪಿಲೆ ಎಂದೊಡನೆ ಮುನ್ನೂರು ಮಂದಿ ವೀರರು ಮಾತ್ರವೇ ನೆನಪಿಗೆ ಬರುವುದು ಇಂದು ರೂಢಿಯಾಗಿದೆ. ಆ ಲೆಕ್ಕವು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಇಂದು ನಾವು ವಿಚಾರಮಾಡೋಣ.

ಮೊದಲು ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಕ್ರಿ. ಪೂ. ೪೮೦ರಲ್ಲಿ ಪಾರಸಿಕ ಚಕ್ರವರ್ತಿ ಕ್ಸರ್ಕ್ಸೀಸನು ಮಹಾಸೈನ್ಯದೊಡನೆ ಗ್ರೀಸ್ ದೇಶದ ಮೇಲೆ ದಂಡೆತ್ತಿ ಬಂದನು. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ದಾರಿಯಲ್ಲಿ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು. ನಡುವೆ ಇಕ್ಕಟ್ಟಾದ ಕಣಿವೆ. ಅಲ್ಲಿರುವ ಬಿಸಿನೀರಿನ ಬುಗ್ಗೆಗಳಿಂದಾಗಿ ಅದಕ್ಕೆ 'ಬಿಸಿದ್ವಾರ' ಎಂಬರ್ಥದ ಥರ್ಮಾಪಿಲೆ ಎಂಬ ಹೆಸರು ಬಂದಿತು. ಕೆಲವೆಡೆ ಒಂದೇ ಬಂಡಿ ಹೋಗುವಷ್ಟು ಮಾತ್ರ ದಾರಿಯಿತ್ತೆಂದು ಇತಿಹಾಸಕಾರನಾದ ಹೆರೊಡೋಟಸನು ಬರೆದಿದ್ದಾನೆ. ಈಗ ಅಲ್ಲಿಗೆ ಹೋದವರು ಆ ಇಕ್ಕಟ್ಟನ್ನು ಕಾಣಲಾರರು. ಸ್ಪರ್ಖಿಯೊಸ್ ನದಿಯು ಶತಮಾನಗಳಿಂದ ತಂದು ಹಾಕಿದ ಹೂಳಿನಿಂದ ಕಡಲು ಹಲವು ಮೈಲಿ ಹಿಂದೆ ಸರಿದಿದೆ.

ಸ್ಪಾರ್ಟಾದ ಅರಸನಾದ ಲಿಯೊನಿಡಾಸನು ಈ ಕಣಿವೆಯಲ್ಲಿ ಎರಡು ದಿನಗಳ ಕಾಲ ಶತ್ರುವನ್ನು ತಡೆದನು. ಆ ಬಳಿಕ ಎಫಿಯಾಲ್ಟೀಸನೆಂಬ ಆ ಸೀಮೆಯವನೊಬ್ಬನು ಹಣದಾಸೆಯಿಂದ ಬೆಟ್ಟದ ಮೇಲಣ ಕಾಲುದಾರಿಯನ್ನು ಪಾರಸಿಕರಿಗೆ ತೋರಿಸಿದನು. ತಾವು ಸುತ್ತುವರಿಯಲ್ಪಡುವೆವೆಂದು ತಿಳಿದಾಗ ಲಿಯೊನಿಡಾಸನು ಮಿತ್ರಸೈನ್ಯದ ಬಹುಭಾಗವನ್ನು ಹಿಂದಕ್ಕೆ ಕಳುಹಿಸಿ, ತಾನು ತನ್ನವರೊಡನೆ ನಿಂತು ಮಡಿದನು. ಕೊನೆಯ ಹೋರಾಟವು ಒಂದು ಸಣ್ಣ ದಿಬ್ಬದ ಮೇಲೆ ನಡೆಯಿತು. ೧೯೩೯ರಲ್ಲಿ ಸ್ಪಿರಿಡೋನ್ ಮಾರಿನಾಟೋಸ್ ಎಂಬ ಗ್ರೀಕ್ ವಿದ್ವಾಂಸರು ಅಲ್ಲಿ ಅಗೆದಾಗ ಬಾಣದ ಮೊನೆಗಳು ರಾಶಿಯಾಗಿ ದೊರೆತವು.

ಇನ್ನು ಲೆಕ್ಕಕ್ಕೆ ಬರೋಣ. ಹೆರೊಡೋಟಸನ ಪ್ರಕಾರ ಕಣಿವೆಯನ್ನು ಕಾಯಲು ನೆರೆದ ಗ್ರೀಕರು ೫,೦೦೦ಕ್ಕೂ ಮೇಲ್ಪಟ್ಟವರು. ಸ್ಪಾರ್ಟಾದವರು ೩೦೦, ತೆಗಿಯ, ಮಾಂಟಿನಿಯ ಪಟ್ಟಣಗಳಿಂದ ತಲಾ ೫೦೦, ಕೊರಿಂಥದಿಂದ ೪೦೦, ಫೋಕಿಸ್ ಸೀಮೆಯಿಂದ ೧,೦೦೦, ಮೈಸೀನೆಯಂಥ ಹಳೆಯ ಕೀರ್ತಿಯ ಊರಿನಿಂದ ಕೇವಲ ೮೦. ಕೊನೆಯ ದಿನವೂ ಲಿಯೊನಿಡಾಸನು ಒಬ್ಬಂಟಿಯಾಗಿರಲಿಲ್ಲ. ಥೀಬ್ಸಿನ ೪೦೦ ಮಂದಿಯನ್ನು ಅವನು ಬಲವಂತದಿಂದ ಇರಿಸಿಕೊಂಡನೆಂದೂ ಅವರು ಕಡೆಗೆ ಶರಣಾದರೆಂದೂ ಹೇಳಿದೆ. ಥೆಸ್ಪಿಯ ಎಂಬ ಸಣ್ಣ ಪಟ್ಟಣದ ೭೦೦ ಮಂದಿ ಮಾತ್ರ ತಮ್ಮ ನಾಯಕನಾದ ಡೆಮೊಫಿಲಸನೊಡನೆ, ಹೋಗೆಂದರೂ ಹೋಗದೆ, ಸ್ವಂತ ಇಚ್ಛೆಯಿಂದ ನಿಂತು ಸ್ಪಾರ್ಟಾದವರ ಮಗ್ಗುಲಲ್ಲೇ ಪ್ರಾಣಬಿಟ್ಟರು. ಮುನ್ನೂರರ ಪಕ್ಕದಲ್ಲಿ ಏಳುನೂರು! ಆದರೂ ಗ್ರಂಥಕ್ಕೆ ಹೆಸರಾದುದು ಚಿಕ್ಕ ಸಂಖ್ಯೆಯೇ.

ಇವರಿಗಿಂತಲೂ ಮರೆಗೆ ಬಿದ್ದವರು ಹೆಲಾಟರು. ಸ್ಪಾರ್ಟಾದ ಹೊಲಗಳನ್ನು ಉತ್ತು ಬಿತ್ತಿ, ಯಜಮಾನರನ್ನು ಬೇಸಾಯದ ದುಡಿಮೆಯಿಂದ ಬಿಡಿಸಿ, ಅವರು ಯುದ್ಧಾಭ್ಯಾಸವೊಂದನ್ನೇ ವೃತ್ತಿಯಾಗಿ ಮಾಡಿಕೊಳ್ಳುವಂತೆ ಮಾಡಿದ ಜೀತದ ಜನ ಇವರು. ಸ್ಪಾರ್ಟಾದ ಅಧಿಕಾರಿಗಳು ವರ್ಷ ವರ್ಷವೂ ಇವರ ಮೇಲೆ ಯುದ್ಧ ಸಾರುತ್ತಿದ್ದರೆಂದೂ, ಆದಕಾರಣ ಇವರನ್ನು ಕೊಂದರೆ ಪಾಪವಿಲ್ಲವೆಂದೂ ಪ್ಲೂಟಾರ್ಕನು ಅರಿಸ್ಟಾಟಲನ ಮಾತನ್ನು ಆಧರಿಸಿ ಬರೆದಿದ್ದಾನೆ. ಸ್ವಾತಂತ್ರ್ಯಕ್ಕಾಗಿ ನಡೆದುದೆಂದು ಕೀರ್ತಿಪಡೆದ ಕಾಳಗದಲ್ಲಿ ಸ್ವಾತಂತ್ರ್ಯವೇ ಇಲ್ಲದವರೂ ಸತ್ತರು.

ಚಿತ್ರಕಾದಂಬರಿಯ ಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಅಗಲವಾದ ಪುಟಗಳು, ಕಪ್ಪು ನೆರಳು, ಕೆಂಪು ಮೇಲುಹೊದಿಕೆ, ಗುರಾಣಿಗಳ ಸಾಲು, ಇವು ಒಮ್ಮೆ ಕಂಡವರ ಮನಸ್ಸಿನಿಂದ ಬೇಗ ಅಳಿಯುವುವಲ್ಲ. ಆದರೆ ಚಿತ್ರವು ಇತಿಹಾಸವನ್ನು ತಿದ್ದಿರುವ ರೀತಿಯನ್ನೂ ಗಮನಿಸಬೇಕು. ಕಂಚಿನ ಕವಚ ತೊಡುತ್ತಿದ್ದ ಯೋಧರು ಇಲ್ಲಿ ಬರಿಮೈಯಲ್ಲಿ ಹೋರಾಡುತ್ತಾರೆ. ಎಫಿಯಾಲ್ಟೀಸನು ಅಂಗವಿಕಲನಾದ ಸ್ಪಾರ್ಟಾದವನಾಗಿದ್ದಾನೆ. ಹೆರೊಡೋಟಸನಲ್ಲಿ ಅವನು ಸ್ಪಾರ್ಟಾದವನೂ ಅಲ್ಲ, ಅವನ ದೇಹದ ಊನದ ಮಾತೂ ಇಲ್ಲ. ಕ್ಸರ್ಕ್ಸೀಸನು ಮೈತುಂಬ ಆಭರಣ ಚುಚ್ಚಿಕೊಂಡ, ಗಡ್ಡವಿಲ್ಲದ ವಿಚಿತ್ರಮೂರ್ತಿ; ಪರ್ಸೆಪೊಲಿಸಿನ ಶಿಲ್ಪಗಳಲ್ಲಿಯಾದರೋ ಪಾರಸಿಕ ಅರಸರು ನೀಳವಾದ ಗಡ್ಡವುಳ್ಳವರಾಗಿ, ನಿಲುವಂಗಿ ತೊಟ್ಟು, ಗಂಭೀರವಾಗಿ ಕುಳಿತಿರುತ್ತಾರೆ. ಶತ್ರುವಾದ ಗ್ರೀಕನೇ ಕ್ಸರ್ಕ್ಸೀಸನನ್ನು ಆ ಇಡೀ ಸೈನ್ಯದಲ್ಲಿ ರೂಪಿನಲ್ಲಿಯೂ ಎತ್ತರದಲ್ಲಿಯೂ ಸಾಟಿಯಿಲ್ಲದವನೆಂದು ಹೊಗಳಿದ್ದಾನೆ. ಆ ಸೈನ್ಯದಲ್ಲಿದ್ದವರು ರಾಕ್ಷಸರಲ್ಲ, ನಾನಾ ದೇಶಗಳ ಮನುಷ್ಯರು. ಹತ್ತಿಯ ಉಡುಪು ತೊಟ್ಟು, ಬೆತ್ತದ ಬಿಲ್ಲು ಹಿಡಿದ ಹಿಂದೂದೇಶದ ಭಟರೂ ಅವರಲ್ಲಿದ್ದರೆಂದು ಅದೇ ಇತಿಹಾಸಕಾರನು ಹೇಳುತ್ತಾನೆ.

ಕಲ್ಪನಾಕೃತಿಗೆ ಇಷ್ಟು ಸ್ವಾತಂತ್ರ್ಯ ಉಂಟಲ್ಲವೆ ಎಂದು ಕೆಲವರು ಕೇಳಬಹುದು. ಉಂಟು. ಕಥೆ ಹೇಳುವವನು ಸ್ಪಾರ್ಟಾದ ಯೋಧನೇ ಆದುದರಿಂದ ಅವನು ತನ್ನವರನ್ನು ಮೆರೆಸುವುದು ಸಹಜ. ಹೆರೊಡೋಟಸನ ಲೆಕ್ಕವೂ ನಿರ್ದುಷ್ಟವಲ್ಲ. ಪರಿಚಾರಕರೂ ಸೇರಿ ಪಾರಸಿಕರು ೫೨ ಲಕ್ಷಕ್ಕೂ ಹೆಚ್ಚೆಂಬ ಅವನ ಮಾತನ್ನು ಇಂದು ಯಾವ ವಿದ್ವಾಂಸರೂ ನಂಬುವುದಿಲ್ಲ. ಆದರೆ ಅವನಲ್ಲಿ ಒಂದು ಗುಣವುಂಟು: ತನ್ನ ಕಥೆಯ ನಾಯಕರಲ್ಲದವರನ್ನೂ ಅವನು ಬಿಟ್ಟುಬಿಡುವುದಿಲ್ಲ.

ಇದಕ್ಕೆ ಅವನು ಹೇಳುವ ಒಂದು ವೃತ್ತಾಂತವೇ ಸಾಕ್ಷಿ. ಕಾಳಗ ಮುಗಿದ ಮೇಲೆ ಕ್ಸರ್ಕ್ಸೀಸನು ಸತ್ತ ಶತ್ರುಗಳನ್ನು ನೋಡಲು ತನ್ನ ನಾವಿಕರನ್ನು ಕರೆಸಿದನು. ತನ್ನ ಕಡೆ ಸತ್ತ ೨೦,೦೦೦ ಮಂದಿಯಲ್ಲಿ ೧,೦೦೦ ಹೆಣಗಳನ್ನು ಮಾತ್ರ ಹೊರಗಿರಿಸಿ, ಉಳಿದುವನ್ನು ಹಳ್ಳ ತೋಡಿಸಿ ಮುಚ್ಚಿಸಿದ್ದನು. ಆ ಉಪಾಯಕ್ಕೆ ನೋಡಿದವರೇ ನಕ್ಕರಂತೆ. ಆದರೆ ಅವರೂ ಒಂದು ತಪ್ಪು ಮಾಡಿದರು. ಬಿದ್ದಿದ್ದ ಗ್ರೀಕರೆಲ್ಲರೂ ಸ್ಪಾರ್ಟಾದವರು ಮತ್ತು ಥೆಸ್ಪಿಯದವರು ಎಂದೇ ಭಾವಿಸಿದರು. ಹೆಲಾಟರ ಹೆಣಗಳೂ ಕಣ್ಣೆದುರಿನಲ್ಲಿಯೇ ಇದ್ದುವು. ಅರಸನು ತನ್ನವರನ್ನು ಮಣ್ಣಿನಲ್ಲಿ ಮರೆಮಾಡಿದನು. ಹೆಲಾಟರನ್ನು ಮರೆಮಾಡಲು ಮಣ್ಣೂ ಬೇಕಾಗಲಿಲ್ಲ.

ಮುಂದೆ ನಡೆದುದೂ ಹೀಗೆಯೆ. ಹೆರೊಡೋಟಸನು ಉದ್ಧರಿಸುವ ಸಮಾಧಿಲೇಖಗಳು ಮೂರು: ಪೆಲೊಪೊನೀಸಸಿನಿಂದ ಬಂದವರೆಲ್ಲರಿಗೆ ಒಂದು, ಸ್ಪಾರ್ಟಾದವರಿಗೆ ಒಂದು, ಅವರೊಡನೆ ಸತ್ತ ಕಾಲಜ್ಞಾನಿಯೊಬ್ಬನಿಗೆ ಒಂದು. ಥೆಸ್ಪಿಯದವರಿಗೆ ಒಂದೂ ಇಲ್ಲ. ಪಾರಸಿಕರು ಮುಂದೆ ಸಾಗಿ ಥೆಸ್ಪಿಯವನ್ನು ಸುಟ್ಟರು. ಕ್ರಿ. ಪೂ. ೪೭೯ರಲ್ಲಿ ಪ್ಲಟೀಯದ ಕಾಳಗಕ್ಕೆ ಆ ಊರಿನಲ್ಲಿ ಉಳಿದಿದ್ದ ೧,೮೦೦ ಗಂಡಸರು ಬಂದರು. ಅವರ ಬಳಿ ಯೋಧರ ಕವಚಾಯುಧಗಳಿರಲಿಲ್ಲ. ಸ್ಪಾರ್ಟಾದ ಒಬ್ಬೊಬ್ಬ ಯೋಧನೊಡನೆ ಏಳು ಮಂದಿಯಂತೆ ೩೫,೦೦೦ ಹೆಲಾಟರೂ ಅಲ್ಲಿಗೆ ಬಂದಿದ್ದರು. ನಮ್ಮ ಕಾಲದಲ್ಲಿ ಲಿಯೊನಿಡಾಸನ ಸ್ಮಾರಕವು ೧೯೫೫ರಲ್ಲಿ ಕಣಿವೆಯ ಬಳಿ ನಿಂತಿತು. ಏಳುನೂರು ಮಂದಿ ಥೆಸ್ಪಿಯದವರ ಸ್ಮಾರಕಕ್ಕೆ ೧೯೯೭ರವರೆಗೆ ಕಾಯಬೇಕಾಯಿತು.

ಚಿತ್ರಕಾದಂಬರಿಯನ್ನು ಓದಬಾರದೆಂದು ನಮ್ಮ ಅಭಿಪ್ರಾಯವಲ್ಲ. ಅದನ್ನು ಓದಿಯೇ ಹೆರೊಡೋಟಸನ ಏಳನೆಯ ಸಂಪುಟವನ್ನು ಹುಡುಕಿಕೊಂಡು ಹೋದವರು ಇದ್ದಾರು. ಅದು ಆ ಗ್ರಂಥದ ಪುಣ್ಯ. ಹಾಗೆ ಹೋದವರು ಎಂಟನೆಯ ಸಂಪುಟವನ್ನೂ ತೆರೆದು, ಆ ಹೆಣಗಳ ವೃತ್ತಾಂತವನ್ನು ಓದಿ, ನಾವಿಕರ ಕಣ್ಣಿಗೆ ಬೀಳದವರನ್ನು ತಾವೇ ಒಮ್ಮೆ ಎಣಿಸಿ ನೋಡಲಿ ಎಂದಿಷ್ಟೇ ನಮ್ಮ ಬಿನ್ನಹ.