ಕಂಪನಿ ಮುಚ್ಚಿದ ಕಾರು, ಹರಿಹರದ ಲೇತು

ಸ್ಪೋರ್ಟ್ಸ್ ಕಾರು ಎಂದೊಡನೆ ನಮ್ಮಲ್ಲಿ ಬಹುತೇಕರ ಕಣ್ಣಿಗೆ ಕಟ್ಟುವುದು ವಿದೇಶಿ ಸಿನಿಮಾಗಳಲ್ಲಿ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕೆಂಪು ಕಾರು. ಆ ರೂಪ, ಆ ಠೀವಿ ಇಲ್ಲದಿದ್ದರೂ ಅದೇ ಕೆಲಸ ಮಾಡಿದ ಒಂದು ಪುಟ್ಟ ಕಾರು ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು ಎಂಬುದು ಇಂದಿನ ತಲೆಮಾರಿಗೆ ಗೊತ್ತಿರಲಾರದು. ಅದರ ಹೆಸರು ಡಾಲ್ಫಿನ್. ತಯಾರಿಸಿದವರು ಸಿಪಾನಿ ಸಂಸ್ಥೆಯವರು. ಕಾಲ 1980ರ ದಶಕ.

ಇದಕ್ಕೂ ಮೊದಲು ಅವರು ಬಾದಲ್ ಎಂಬ ಮೂರು ಚಕ್ರದ ಕಾರನ್ನು ಮಾಡಿ ನೋಡಿದ್ದರು. ಅದು ಜನರಿಗೆ ಹಿಡಿಸಲಿಲ್ಲ. ಆಗ ಅವರ ಕಣ್ಣು ಬಿದ್ದದ್ದು ಇಂಗ್ಲೆಂಡಿನ ಟ್ಯಾಮ್‌ವರ್ತ್ ಎಂಬ ಊರಿನ ರಿಲಯಂಟ್ ಕಂಪನಿಯ ಮೇಲೆ (ನಮ್ಮ ರಿಲಯನ್ಸ್ ಅಲ್ಲ, ಇದು ಬೇರೆ). ಸಿಮಿಟರ್ ಎಂಬ ಸೊಗಸಾದ ಸ್ಪೋರ್ಟ್ಸ್ ಕಾರನ್ನೂ ಬಡವರ ಮೂರು ಚಕ್ರದ ಬಂಡಿಯನ್ನೂ ಒಂದೇ ಸೂರಿನಡಿ ಕಟ್ಟುತ್ತಿದ್ದ ವಿಚಿತ್ರ ಕಂಪನಿ ಅದು. ಅವರ ಕಿಟನ್ ಎಂಬ ಸಣ್ಣ ಕಾರು 1975ರಿಂದ 1982ರವರೆಗೆ ಅಲ್ಲಿ ತಯಾರಾಯಿತು. ಅಲ್ಲಿ ನಿಂತದ್ದು ಇಲ್ಲಿ ಡಾಲ್ಫಿನ್ ಆಗಿ ಹುಟ್ಟಿತು.

ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ತೂಕ ಅಂಬಾಸಿಡರಿನ ಸುಮಾರು ಅರ್ಧ. ಮಕ್ಕಳು ಮರಿ, ಅಜ್ಜಿ, ಹೋಲ್ಡಾಲು ಎಲ್ಲವನ್ನೂ ಹೇರಿಕೊಂಡು ಹೋಗುವ ನಮ್ಮ ಕುಟುಂಬಗಳಿಗೆ ಎರಡು ಬಾಗಿಲಿನ ಕಾರು ಒಗ್ಗಲಿಲ್ಲ. ಆದರೆ ವೇಗದ ಹುಚ್ಚಿನವರಿಗೆ ಬೇಕಾದದ್ದು ಅದೇ ಹಗುರ ಮೈ, ಅದೇ ಹಿಂದಿನ ಚಕ್ರದ ಎಳೆತ. ಶೋಲಾವರಂನ ಹಳೆಯ ವಿಮಾನ ಪಟ್ಟಿಯ ರೇಸುಗಳಲ್ಲಿ, ದಕ್ಷಿಣದ ರ‍್ಯಾಲಿಗಳಲ್ಲಿ ಡಾಲ್ಫಿನ್ ಹೆಸರು ಮಾಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಮುಂದಿನದನ್ನು ವಿವರಿಸಬೇಕಾಗಿಲ್ಲ. ಸಿಪಾನಿಯವರು ನಾಲ್ಕು ಬಾಗಿಲಿನ ಮೊಂಟಾನಾ ಮಾಡಿದರು, ಡೀಸೆಲ್ ಎಂಜಿನ್ ಹಾಕಿ ನೋಡಿದರು, ಕೊನೆಗೆ ಬ್ರಿಟನ್ನಿನ ರೋವರ್ ಮಾಂಟೆಗೊವನ್ನು ಜೋಡಿಸಿದರು. 1990ರ ದಶಕ ಮುಗಿಯುವಷ್ಟರಲ್ಲಿ ಕಾರಿನ ಕೆಲಸವೇ ನಿಂತಿತು. ಇನ್ನು ಕೆಲವು ವರ್ಷಗಳಲ್ಲಿ ಅತ್ತ ರಿಲಯಂಟ್ ಕೂಡ ಕಾರು ಕಟ್ಟುವುದನ್ನು ಬಿಟ್ಟಿತು.

ತಾಯಿ ಕಂಪನಿಯೂ ಇಲ್ಲ, ಸಾಕಿದ ಕಂಪನಿಯೂ ಇಲ್ಲ. ಇಂಥ ಅನಾಥ ಕಾರೊಂದು ಮನೆಯ ಶೆಡ್ಡಿನಲ್ಲಿದ್ದರೆ ಅದನ್ನು ನಡೆಸುವವರು ಯಾರು? ಮನೆಯವರೇ. ಹಾಗಾಗಿ ಅದರ ಕಾಯಿಲೆಗಳನ್ನು ಸ್ವಲ್ಪ ತಿಳಿದಿರಬೇಕು.

ಮೊದಲನೆಯದು ಕರೆಂಟಿನದು. ತಗಡಿನ ಕಾರಿನಲ್ಲಿ ಬ್ಯಾಟರಿಯಿಂದ ದೀಪಕ್ಕೆ ಒಂದೇ ತಂತಿ ಎಳೆದರೆ ಸಾಕು, ಮರಳಿ ಬರುವ ದಾರಿ ಕಾರಿನ ಮೈಯೇ. ಫೈಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಪ್ರತಿಯೊಂದು ದೀಪದಿಂದಲೂ ಕೆಳಗಿನ ಕಬ್ಬಿಣದ ಚಾಸಿಗೆ ಬೇರೆಯೇ ಅರ್ಥ್ ತಂತಿ ಹೋಗಿರುತ್ತದೆ. ಆ ತಂತಿಯ ತುದಿಗೆ ತುಕ್ಕು ಹಿಡಿದರೆ ಚೇಷ್ಟೆ ಶುರು: ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಮಿಟುಕುತ್ತದೆ, ಬ್ರೇಕ್ ಒತ್ತಿದರೆ ಇನ್ನೊಂದು ದೀಪ ಮಂಕಾಗುತ್ತದೆ. ಗಾಬರಿಯಾಗಿ ಬಲ್ಬು, ಸ್ವಿಚ್ಚು, ಬ್ಯಾಟರಿ ಎಲ್ಲವನ್ನೂ ಬದಲಿಸಿ ದುಡ್ಡು ಕಳೆದುಕೊಳ್ಳುವವರು ಉಂಟು. ಒಂದು ಗೇಣು ತಂತಿ ಇದ್ದರೆ ಪರೀಕ್ಷೆ ಆಗಿಹೋಗುತ್ತದೆ. ದೀಪದ ಲೋಹದ ಕವಚದಿಂದ ಚಾಸಿಯ ಉಜ್ಜಿದ ಜಾಗಕ್ಕೆ ಅದನ್ನು ತಾಗಿಸಿ ನೋಡಿ. ದೀಪ ಪ್ರಕಾಶಿಸಿದರೆ ಕಳ್ಳ ಸಿಕ್ಕಿದಂತೆ. ಫೈಬರ್ ಮೈ ತುಕ್ಕು ಹಿಡಿಯದು ನಿಜ. ಆ ಧೈರ್ಯದಲ್ಲೇ ಜನ ಕೆಳಗಿನ ಚಾಸಿಯನ್ನು ಮರೆಯುತ್ತಾರೆ, ಅದು ಸದ್ದಿಲ್ಲದೆ ತಿಂದುಹೋಗುತ್ತಿರುತ್ತದೆ.

ಎರಡನೆಯದು ಎಂಜಿನ್ನಿನ ಬಿಸಿ. ಇದು ಪ್ರಾಣಾಂತಿಕ. 1962ರಲ್ಲಿ 598 ಸಿ.ಸಿ.ಯಾಗಿ ಹುಟ್ಟಿ ಹಂತಹಂತವಾಗಿ 848ಕ್ಕೆ ಬೆಳೆದ ಈ ಎಂಜಿನ್ ಪೂರ್ತಿ ಅಲ್ಯೂಮಿನಿಯಂ. ಒಳಗೆ ಪಿಸ್ಟನ್ ಓಡಾಡುವ ಲೈನರುಗಳು ಮಾತ್ರ ಕಬ್ಬಿಣದವು, ಅವುಗಳ ಹೊರಮೈಗೆ ನೇರವಾಗಿ ನೀರು ತಾಗುತ್ತದೆ. ಎರಡು ಲೋಹ, ನಡುವೆ ನೀರು ಎಂದರೆ ಒಂದು ಬಗೆಯ ಬ್ಯಾಟರಿಯೇ ಆಯಿತು; ಅಲ್ಯೂಮಿನಿಯಂ ಸವೆಯುತ್ತದೆ. ಅದರ ಮೇಲೆ ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಸುಣ್ಣದ ಪದರ ಕಟ್ಟಿಸಿ ನೀರಿನ ದಾರಿಯನ್ನೇ ಮುಚ್ಚುತ್ತದೆ. ರೇಡಿಯೇಟರಿಗೆ ಕೂಲೆಂಟ್ ಹಾಕದೆ ನಲ್ಲಿ ನೀರು ಸುರಿಯುವುದು ಈ ಎಂಜಿನ್ನಿಗೆ ನಿಧಾನವಾಗಿ ಉಣಿಸುವ ವಿಷ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಆಯಿಲಿಗೆ ಇಳಿದಿದೆ ಎಂದರ್ಥ, ಆಮೇಲೆ ಒಂದು ಹೆಜ್ಜೆಯೂ ಓಡಿಸಬಾರದು. ಹೆಡ್ ಬಿಚ್ಚಿದ ಮೇಲೆ ಲೈನರುಗಳನ್ನು ಕ್ಲಾಂಪಿನಿಂದ ಒತ್ತಿಹಿಡಿಯದೆ ಎಂಜಿನ್ ತಿರುಗಿಸಿದರೆ ಅವು ಮೇಲೆದ್ದು ಕೆಳಗಿನ ಸೀಲು ಕಿತ್ತುಹೋಗುತ್ತದೆ. ಬೇರೆ ಕಾರುಗಳಲ್ಲಿ ಕೈ ಪಳಗಿದ ಮೆಕ್ಯಾನಿಕ್‌ಗಳೂ ಎಡವುವ ಜಾಗ ಇದು.

ಉಳಿದಂತೆ ಸ್ಟಾರ್ಟ್ ಆಗದ ಕಾರಿಗೆ ಹಳೆಯ ಕ್ರಮವೇ ಸರಿ. ಮೊದಲು ಕಿಡಿ, ಆಮೇಲೆ ಪೆಟ್ರೋಲು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕರಕಲಾಗಿದ್ದರೆ ಉಜ್ಜಿ, ಫೀಲರ್ ಗೇಜಿನಿಂದ ಸುಮಾರು 0.4 ಮಿ.ಮೀ. ಅಂತರ ಹೊಂದಿಸಿದರೆ ಅರ್ಧ ಕೆಲಸ ಮುಗಿಯಿತು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತೂರುವುದು ಮಾತ್ರ ಬೇಡ. ಸ್ಟ್ಯಾಂಡ್ ಇಡಿ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಯಾವುದೋ ಬುಷ್, ಯಾವುದೋ ಪಿನ್ನು ಸವೆದೇ ಸವೆಯುತ್ತದೆ. ಬ್ರಿಟನ್ನಿನಲ್ಲಿ ರಿಲಯಂಟ್ ಪ್ರಿಯರ ಸಂಘಗಳಿವೆ, ಬಿಡಿಭಾಗ ಒದಗಿಸಿಕೊಳ್ಳುತ್ತವೆ. ನಮ್ಮಲ್ಲಿ ಆ ಕೆಲಸ ಮಾಡುವುದು ಲೇತು. ಲೇತು ಎಂದ ಮೇಲೆ ಹರಿಹರಕ್ಕೆ ಬರಲೇಬೇಕು.

ತುಂಗಭದ್ರೆಯ ದಂಡೆಯ ಈ ದೇವಸ್ಥಾನದ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದದ್ದು 1941ರಲ್ಲಿ. ಎರಡನೆಯ ಮಹಾಯುದ್ಧದ ಕಾಲ, ಹೊರಗಿನಿಂದ ಯಂತ್ರ ಬರುವುದು ಕಷ್ಟವಾಗಿದ್ದ ಹೊತ್ತು. ಈ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಅವರು ತೆರೆದದ್ದು ಸೈಕಲ್ ಅಂಗಡಿ. ಮಾರಾಟದ ಜತೆಗೆ ರಿಪೇರಿ. ಯಂತ್ರ ತಯಾರಿಕೆಯ ಬೇರು ರಿಪೇರಿಯಲ್ಲಿತ್ತು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಹರಿಹರದ ಆ ಭಾಗಕ್ಕೆ ಯಂತ್ರಪುರ ಎಂಬ ಹೆಸರೇ ಬಿದ್ದಿತು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಲೇತುಗಳು ಇಲ್ಲಿಂದ ದೇಶದ ಮೂಲೆಮೂಲೆಗೆ ಹೋದವು. ಐ.ಟಿ.ಐ.ಗಳಲ್ಲಿ ಹುಡುಗರು ಕಬ್ಬಿಣ ಕೊರೆಯಲು ಕಲಿತದ್ದು ಇಂಥವುಗಳ ಮೇಲೆ.

ಆ ಕಾರ್ಖಾನೆಯೂ 2000ದ ದಶಕದ ಆರಂಭದಲ್ಲಿ ಬಾಗಿಲು ಹಾಕಿತು. ಲೇತುಗಳಿಗೆ ಆ ಸುದ್ದಿ ತಲುಪಿದಂತಿಲ್ಲ. ಅವು ಇನ್ನೂ ಓಡುತ್ತಿವೆ, ಸೆಕೆಂಡ್ ಹ್ಯಾಂಡ್ ಬೆಲೆಯನ್ನೂ ಉಳಿಸಿಕೊಂಡಿವೆ. ಕಡರನಾಯಕನಹಳ್ಳಿ, ಮಲೇಬೆನ್ನೂರಿನಂಥ ಊರುಗಳಲ್ಲಿ ನಾಟಿಯ ಹೊತ್ತಿಗೆ ಟಿಲ್ಲರಿನ ಶಾಫ್ಟು ತುಂಡಾದರೆ ಯಾರೂ ಕಂಪನಿಗೆ ಕಾಗದ ಬರೆದು ಕೂರುವುದಿಲ್ಲ, ನೇರ ಲೇತ್ ಅಂಗಡಿಗೆ ಹೋಗುತ್ತಾರೆ. ಡಾಲ್ಫಿನ್ನಿನ ಬುಷ್‌ಗೂ ಅದೇ ದಾರಿ. ಬ್ರೇಕು, ಸ್ಟೀರಿಂಗಿನ ಭಾಗಗಳನ್ನು ಮಾತ್ರ ಹೀಗೆ ಅಂದಾಜಿನಲ್ಲಿ ಮಾಡಿಸಬಾರದು. ಅಲ್ಲಿ ಉಕ್ಕಿನ ಗುಣವೇ ಜೀವ ಕಾಯುವುದು.

ಲೇತಿಗೂ ದಕ್ಕದ ಕಾರುಗಳಿವೆ. ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ಕಟ್ಟಿದ ಎರಡು ಸೀಟಿನ ಸ್ಟಾರ್ಮ್ ನಿಜವಾದ ಸ್ಪೋರ್ಟ್ಸ್ ಕಾರಿನ ರೂಪದ್ದು. ಅದರದೂ ಫೈಬರ್ ಮೈ, ಎಂಜಿನ್ ಫ್ರಾನ್ಸಿನ ರೆನೊ ಕಂಪನಿಯ 1149 ಸಿ.ಸಿ.ಯದು. ಅದು ಕಾರ್ಬ್ಯುರೇಟರ್ ಬಿಟ್ಟು ಎಲೆಕ್ಟ್ರಾನಿಕ್ ಇಂಜೆಕ್ಷನ್ನಿಗೆ ಬಂದ ಕಾಲದ ಎಂಜಿನ್. ಅದರ ಪುಟ್ಟ ಕಂಪ್ಯೂಟರ್ ಪೆಟ್ಟಿಗೆ ಸತ್ತರೆ ಯಾವ ಟರ್ನರ್ ಏನು ಮಾಡಿಯಾನು?

ಹಳೆಯ ಕಾರಿಗೆ ಹೊಸ ಕಂಟಕ ಪೆಟ್ರೋಲ್ ಬಂಕಿನಿಂದಲೇ ಬಂದಿದೆ. 20% ಎಥನಾಲ್ ಬೆರೆಸಿದ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ದೊರೆತದ್ದು, ಡಾಲ್ಫಿನ್ ಹುಟ್ಟಿದ ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿನಲ್ಲಿ ಟ್ಯಾಂಕಿನ ತಳಕ್ಕೆ ನೀರು ಇಳಿಯುತ್ತದೆ. ಎಥನಾಲ್ ತಡೆಯುವ ಪೈಪುಗಳು ಈಗ ಸಿಗುತ್ತವೆ, ಹಾಕಿಸಿಕೊಳ್ಳುವುದು ಒಳ್ಳೆಯದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಫೈಬರ್ ಮೈಯ ಕಾರು ಉಳಿಯುವುದಿಲ್ಲ.

ಕಾಯಿದೆಯ ಮಾತೂ ಒಂದಿದೆ. 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ವಾಹನಕ್ಕೆ ಮಾತ್ರ ವಿಂಟೇಜ್ ಎಂಬ ಮರ್ಯಾದೆ. 1982ರ ಡಾಲ್ಫಿನ್ ಅದಕ್ಕಾಗಿ 2032ರವರೆಗೆ ಕಾಯಬೇಕು. ಅಲ್ಲಿಯವರೆಗೆ ಆರ್.ಟಿ.ಒ. ಕಚೇರಿಯ ಲೆಕ್ಕದಲ್ಲಿ ಅದು ಬರೀ ಹಳೆಯ ಕಾರು. ಐದೈದು ವರ್ಷಕ್ಕೆ ಫಿಟ್‌ನೆಸ್ ತೋರಿಸಿ ನೋಂದಣಿ ನವೀಕರಿಸಿಕೊಳ್ಳಬೇಕು. ಈ ನಡುವಿನ ವರ್ಷಗಳಲ್ಲೇ ಹೆಚ್ಚಿನವು ಗುಜರಿಗೆ ಹೋಗುವುದು. ಇಟ್ಟುಕೊಂಡವರು ಒಂದು ಹಳೆಯ ಬಿಸ್ಕತ್ ಡಬ್ಬವನ್ನು ಶೆಡ್ಡಿನಲ್ಲಿ ಇಟ್ಟಿರಬೇಕು. ಬಿಚ್ಚಿದ ಬುಷ್ಷು, ಸವೆದ ಪಿನ್ನು ಯಾವುದನ್ನೂ ಎಸೆಯದೆ ಅದರಲ್ಲಿ ಹಾಕಿಡಬೇಕು. ನಕ್ಷೆ ಕೊಡಲು ಕಂಪನಿ ಇಲ್ಲ; ಲೇತಿನವನು ಅಳತೆ ಹಿಡಿಯುವುದು ಆ ಸವೆದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿಯೇ.